ಅಡಿಕೆ ಕೊಯ್ಲಿನ ಹೊತ್ತಿಗೇ ಸ್ಕೀ ಸೀಸನ್: ಮಲೆನಾಡಲ್ಲಿ ಕ್ರಾಸ್ ಕಂಟ್ರಿ ನೋಡುವವರು ಯಾರಾದ್ರೂ ಇದ್ದೀರಾ?

ತೋಟದಮನೆ, ತೀರ್ಥಹಳ್ಳಿ · ನವೆಂಬರ್ 2024

ಎಲ್ಲರಿಗೂ ನಮಸ್ಕಾರ. ಕ್ರಿಕೆಟ್, ಕಬಡ್ಡಿ ಬಗ್ಗೆ ಇಲ್ಲಿ ಬೇಕಾದಷ್ಟು ಮಾತು ನಡೆಯುತ್ತದೆ. ನಾನು ಕೇಳುತ್ತಿರುವುದು ಹಿಮದ ಮೇಲಿನ ಓಟದ ಬಗ್ಗೆ. ಕ್ರಾಸ್ ಕಂಟ್ರಿ ಸ್ಕೀಯಿಂಗ್. ಎರಡು ವರ್ಷದಿಂದ ಬಿಡದೆ ನೋಡುತ್ತಿದ್ದೇನೆ. ಹಿಮವನ್ನು ಇದುವರೆಗೆ ಮುಟ್ಟಿಲ್ಲ. ಆದರೂ ನವೆಂಬರ್ ಬಂತು ಅಂದರೆ ಮನಸ್ಸು ಅತ್ತ ಓಡುತ್ತದೆ.

ವಿಶ್ವಕಪ್ ಸೀಸನ್ ಶುರುವಾಗುವುದು ಈ ತಿಂಗಳ ಕೊನೆಗೆ, ಫಿನ್‌ಲೆಂಡಿನ ರುಕಾದಲ್ಲಿ. ಮುಗಿಯುವುದು ಮಾರ್ಚ್‌ನಲ್ಲಿ, ಈ ಸಲ ಅದೇ ದೇಶದ ಲಾಹ್ತಿಯಲ್ಲಿ. ನಾವು ಇಲ್ಲಿ ಅಡಿಕೆ ಇಳಿಸಿ, ಸುಲಿದು, ಬೇಯಿಸಿ, ಒಣಗಿಸಿ ಉಸಿರು ಬಿಡುವಷ್ಟರಲ್ಲಿ ಅಲ್ಲಿ ಸೀಸನ್ ಮುಗಿದಿರುತ್ತದೆ. ಹೊತ್ತೂ ಅನುಕೂಲ. ಫಿನ್‌ಲೆಂಡಿನ ಬೆಳಗ್ಗೆ 11 ಅಂದರೆ ನಮ್ಮ ಮಧ್ಯಾಹ್ನ 2.30. ನಾರ್ವೆ, ಇಟಲಿಯ 11 ಅಂದರೆ 3.30. ಊಟ ಮುಗಿಸಿ ಕೂತರೆ ಸರಿಯಾಗುತ್ತದೆ.

ಮೊದಲು ನಾನೂ ತಪ್ಪು ತಿಳಿದಿದ್ದೆ. ಗುಡ್ಡದ ಮೇಲಿಂದ ಸುಮ್ನೆ ಜಾರಿಕೊಂಡು ಬರುವ ಆಟ ಅಂತ. ಅದು ಆಲ್ಪೈನ್. ಕ್ರಾಸ್ ಕಂಟ್ರಿಯಲ್ಲಿ ಏರಲೇಬೇಕು. ದಾರಿ ಮಾಡುವಾಗಲೇ ಹೆಚ್ಚು ಕಡಿಮೆ ಮೂರರಲ್ಲಿ ಒಂದು ಪಾಲು ಏರು, ಒಂದು ಪಾಲು ಇಳುಕಲು, ಒಂದು ಪಾಲು ಸಣ್ಣ ಏರುತಗ್ಗು ಬರುವ ಹಾಗೆ ನೋಡಿಕೊಳ್ಳುತ್ತಾರೆ. ನಮ್ಮ ಮನೆಯಿಂದ ಟಾರ್ ರಸ್ತೆಗೆ ಹೋಗುವ ದಾರಿಯ ಹಾಗೇ ಅಲ್ವಾ? ಹಾಗಾಗಿಯೇ ನನಗೆ ಇದು ಬೇಗ ಹಿಡಿಸಿತು ಅನಿಸುತ್ತದೆ.

ಇನ್ನೊಂದು ವಿಷಯ. ನಮ್ಮಲ್ಲಿ ವಿಡಿಯೋ ಬರುವಷ್ಟು ನೆಟ್‌ವರ್ಕ್ ಇಲ್ಲ. ಅಂಗಳದ ತುದಿಯಲ್ಲಿ, ಹಲಸಿನ ಮರದ ಕೆಳಗೆ ಎರಡು ಗೆರೆ ಸಿಗುತ್ತದೆ. ಅಲ್ಲಿ ಕೂತು ಫಿಸ್‌ನ (ಅಂತಾರಾಷ್ಟ್ರೀಯ ಸ್ಕೀ ಸಂಸ್ಥೆ) ಲೈವ್ ಟೈಮಿಂಗ್ ಪುಟ ನೋಡುತ್ತೇನೆ. ಬರೀ ಅಂಕಿ. ಆದರೆ ಇಂಟರ್ವಲ್ ಸ್ಟಾರ್ಟ್ ರೇಸ್‌ಗೆ ಅಂಕಿಗಿಂತ ಒಳ್ಳೆಯದು ಬೇರೆ ಇಲ್ಲ. ಅದರಲ್ಲಿ ಒಬ್ಬೊಬ್ಬರನ್ನೇ 30 ಸೆಕೆಂಡಿಗೆ ಒಮ್ಮೆ ಬಿಡುತ್ತಾರೆ. ಯಾರು ಮುಂದೆ ಅಂತ ಕಣ್ಣಿಗೆ ಕಾಣುವುದೇ ಇಲ್ಲ. ಗಡಿಯಾರಕ್ಕೆ ಮಾತ್ರ ಗೊತ್ತು. ಒಂದೂವರೆ ಕಿ.ಮೀ.ಗೆ ಒಬ್ಬ 4 ಸೆಕೆಂಡ್ ಮುಂದೆ, 5 ಕಿ.ಮೀ.ಗೆ ಬರೀ 1 ಸೆಕೆಂಡ್ ಮುಂದೆ ಅಂತ ಬಂದರೆ ಮುಂದೇನಾಗುತ್ತದೆ ಅಂತ ನಿಮಗೇ ಎದೆ ಡವಗುಟ್ಟುತ್ತದೆ.

ನೋಡುವವರು ಇದ್ದರೆ ಹೇಳಿ. ಸೀಸನ್ ಪೂರ್ತಿ ಇಲ್ಲೇ ಒಟ್ಟಿಗೆ ನೋಡೋಣ.

ತುಂಗಾತೀರ, ಶಿವಮೊಗ್ಗ · ನವೆಂಬರ್ 2024

ಅಣ್ಣ, ನಾನಿದ್ದೇನೆ! ನಾನು ಓಡುವವನು. ಬೆಳಗ್ಗೆ ನೆಹರು ಕ್ರೀಡಾಂಗಣದಲ್ಲಿ ಅಭ್ಯಾಸ. ಹತ್ತು ಸಾವಿರ ಮೀಟರ್ ವಿಡಿಯೋ ಹುಡುಕುವಾಗ ನಾರ್ವೆಯ ಸ್ಕೀ ಆಟಗಾರ ಕ್ಲೇಬೊ ಏರು ಓಡುವ ವಿಡಿಯೋ ಕಣ್ಣಿಗೆ ಬಿತ್ತು. ಕಾಲಿಗೆ ಅಷ್ಟುದ್ದದ ಸ್ಕೀ ಕಟ್ಟಿಕೊಂಡು ಗುಡ್ಡ ಓಡಿ ಹತ್ತುತ್ತಾನೆ. ಜಾರುವುದಲ್ಲ, ಓಡುವುದು. ಅದನ್ನು ಹತ್ತು ಸಲ ನೋಡಿದ್ದೇನೆ.

ಆದರೆ ಒಂದು ಗೊಂದಲ. ಒಂದು ದಿನ ಎಲ್ಲರೂ ನೇರ ಗೀರಿನಲ್ಲಿ ಹೋಗುತ್ತಾರೆ. ಇನ್ನೊಂದು ದಿನ ಸ್ಕೇಟಿಂಗ್ ಮಾಡಿದ ಹಾಗೆ ಅತ್ತ ಇತ್ತ ತಳ್ಳುತ್ತಾರೆ. ಎರಡೂ ಒಂದೇ ಆಟವಾ?

ಬಿದನೂರುಕೋಟೆ, ಹೊಸನಗರ · ನವೆಂಬರ್ 2024

ಕೆಲಸದ ಮೇಲೆ ಎರಡು ಚಳಿಗಾಲ ನಾರ್ವೆಯಲ್ಲಿದ್ದೆ. ಈಗ ಊರಿಗೆ ವಾಪಸ್ ಬಂದಿದ್ದೇನೆ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ನೇರ ಗೀರಿನದು ಕ್ಲಾಸಿಕ್. ಸ್ಕೇಟಿಂಗ್ ಥರದ್ದು ಫ್ರೀಸ್ಟೈಲ್. ಮೊದಲು ಇದ್ದದ್ದು ಕ್ಲಾಸಿಕ್ ಒಂದೇ. 1980ರ ದಶಕದ ಮೊದಲಲ್ಲಿ ಅಮೆರಿಕದ ಬಿಲ್ ಕೋಕ್ ಸ್ಕೇಟಿಂಗ್ ತಂತ್ರ ಬಳಸಿ 1982ರ ವಿಶ್ವಕಪ್ ಗೆದ್ದ. ಅದು ವೇಗದ್ದು ಅಂತ ಎಲ್ಲರಿಗೂ ಗೊತ್ತಾಯಿತು. ಹಾಗೇ ಬಿಟ್ಟಿದ್ದರೆ ಹಳೆಯ ಕ್ರಮ ಸತ್ತೇ ಹೋಗುತ್ತಿತ್ತು. ಅದಕ್ಕೆ ಎರಡನ್ನೂ ಬೇರೆ ಬೇರೆ ರೇಸ್ ಮಾಡಿದರು.

ಕ್ಲಾಸಿಕ್ ಸ್ಕೀ ಒಂದು ಚೆಂದದ ಕಲ್ಪನೆ. ಅದು ಬಿಲ್ಲಿನ ಹಾಗೆ ನಡುವೆ ಮೇಲೆದ್ದಿರುತ್ತದೆ. ಆ ನಡುಭಾಗಕ್ಕೆ, ಪಾದದ ಕೆಳಗೆ, ಹಿಡಿತದ ಮೇಣ ಹಚ್ಚುತ್ತಾರೆ. ಜಾರುವಾಗ ತೂಕ ಎರಡೂ ಕಾಲಿನ ಮೇಲೆ ಹಂಚಿರುತ್ತದೆ. ನಡುಭಾಗ ಹಿಮಕ್ಕೆ ತಾಗುವುದಿಲ್ಲ. ಒಂದೇ ಕಾಲಿನ ಮೇಲೆ ಪೂರ್ತಿ ತೂಕ ಹಾಕಿ ಒತ್ತಿದಾಗ ಅದು ಚಪ್ಪಟೆಯಾಗಿ ಮೇಣ ಹಿಮವನ್ನು ಹಿಡಿಯುತ್ತದೆ. ಆಗ ಒದೆಯಬಹುದು. ಒದ್ದ ಮೇಲೆ ಮತ್ತೆ ಬಿಲ್ಲು ಮೇಲೇಳುತ್ತದೆ. ಒಂದು ಹೆಜ್ಜೆಯಲ್ಲಿ ಹಿಡಿತವೂ ಜಾರುವುದೂ ಎರಡೂ ಆಯ್ತು.

ಆ ಮೇಣವೇ ದೊಡ್ಡ ತಲೆನೋವು. ಗಟ್ಟಿ ಚಳಿಗೆ ಹಸಿರು ಡಬ್ಬಿ, ಸ್ವಲ್ಪ ಕಡಿಮೆ ಚಳಿಗೆ ನೀಲಿ, ಸೊನ್ನೆಯ ಹತ್ತಿರಕ್ಕೆ ನೇರಳೆ, ಕೆಂಪು. ಹಿಮ ಕರಗಿ ಮತ್ತೆ ಗಟ್ಟಿಯಾಗಿದ್ದರೆ ಕ್ಲಿಸ್ಟರ್ ಅಂತ ಅಂಟಂಟಾದ ಪೇಸ್ಟ್. ಹಲಸಿನ ಮೇಣ ಕೈಗೆ ಹತ್ತಿದ ಹಾಗೆ, ಬೇಗ ಬಿಡುವುದಿಲ್ಲ. ಎಲ್ಲಕ್ಕಿಂತ ಕಷ್ಟ ಸರಿಯಾಗಿ ಸೊನ್ನೆ ಡಿಗ್ರಿ, ಮೇಲೆ ಹೊಸ ಹಿಮ ಬೀಳುತ್ತಿರುವ ದಿನ. ಹತ್ತು ನಿಮಿಷಕ್ಕೊಂದು ಥರ ಹಿಮ. ಎಂಥ ಆಟಗಾರನೂ ಆ ದಿನ ಮೇಣ ಹಚ್ಚುವವರ ಕೈಯಲ್ಲೇ ಇರುತ್ತಾನೆ.

ಇನ್ನು ಕೈಯಲ್ಲಿರುವ ಕೋಲು. ಅದು ಕಾರ್ಬನ್ ಫೈಬರ್. ಈಗ ನಮ್ಮ ತೋಟಗಳಿಗೆ ಬಂದಿರುವ ಹೊಸ ದೋಟಿ ಯಾವುದರದ್ದೋ ಅದರದ್ದೇ. ತೂಕ ಇಲ್ಲ, ಬಾಗುವುದಿಲ್ಲ, ಆದರೆ ಅಡ್ಡ ಏಟು ಬಿದ್ದರೆ ಪಟ್ ಅಂತ ಮುರಿಯುತ್ತದೆ. ರೇಸಿನಲ್ಲಿ ಕೋಲು ಮುರಿದವನಿಗೆ ಪಕ್ಕದಲ್ಲಿ ನಿಂತ ಕೋಚ್ ಓಡಿಬಂದು ಬೇರೆ ಕೊಡುವುದನ್ನು ನೋಡಿರಬಹುದು. ಕ್ಲಾಸಿಕ್‌ನಲ್ಲಿ ಕೋಲಿನ ಉದ್ದ ಆಟಗಾರನ ಎತ್ತರದ 83 ಶೇಕಡಾ ದಾಟಬಾರದು. ಇಲ್ಲದಿದ್ದರೆ ಎಲ್ಲರೂ ಉದ್ದ ಕೋಲು ಹಿಡಿದು ಬರೀ ಕೈಬಲದಲ್ಲೇ ತಳ್ಳಿಕೊಂಡು ಹೋಗಿಬಿಡುತ್ತಾರೆ.

ತೋಟದಮನೆ, ತೀರ್ಥಹಳ್ಳಿ · ನವೆಂಬರ್ 2024

ದೋಟಿಯ ಮಾತು ಓದಿ ತುಂಬಾ ಖುಷಿಯಾಯಿತು. ನಾಳೆ ನಮ್ಮ ಕೊನೆಗೌಡನಿಗೆ ಓದಿ ಹೇಳುತ್ತೇನೆ. ಅವನಿಗೆ ಇನ್ನೂ ದೋಟಿ ಒಗ್ಗಿಲ್ಲ. ಮರ ಹತ್ತಿ, ಮೇಲಿಂದಲೇ ಮರದಿಂದ ಮರಕ್ಕೆ ಬಾಗಿ ಹೋಗುವ ಹಳೆಯ ಕಾಲದವನು.

ಮುಂಗಾರುಮೋಡ, ಆಗುಂಬೆ · ಡಿಸೆಂಬರ್ 2024

ನಾನು ಭಿನ್ನ ಮಾತು ಹೇಳುತ್ತೇನೆ, ಬೇಸರ ಮಾಡ್ಕೋಬೇಡಿ. ನಿಮ್ಮ ಮಾತು ಕೇಳಿ ಎರಡು ವಾರ ನೋಡಿದೆ. ಪಟ್ಟಿಯ ಮೇಲೆ ನಾರ್ವೆ, ಕೆಳಗೂ ನಾರ್ವೆ. ಸ್ಪ್ರಿಂಟ್ ಬಂದರೆ ಕ್ಲೇಬೊ. ಗೆಲ್ಲುವವರು ಯಾರು ಅಂತ ಮೊದಲೇ ಗೊತ್ತಿದ್ದರೆ ಏನು ನೋಡುವುದು? ಜೊತೆಗೆ 2022ರ ಮಾರ್ಚ್‌ನಿಂದ ರಷ್ಯಾದವರೂ ಇಲ್ಲ. ಬೊಲ್ಶುನೊವ್ ಇದ್ದಾಗ ಪೈಪೋಟಿ ಇತ್ತು ಅಂತ ಹಳೆಯ ವಿಡಿಯೋಗಳಲ್ಲಿ ಕಾಣುತ್ತದೆ.

ತೋಟದಮನೆ, ತೀರ್ಥಹಳ್ಳಿ · ಡಿಸೆಂಬರ್ 2024

ಬೇಸರ ಯಾಕೆ? ನೀವು ಹೇಳುವುದರಲ್ಲಿ ನಿಜ ಇದೆ. ಆದರೆ ಕಳೆದ ಸೀಸನ್ ಒಟ್ಟಾರೆ ಕಪ್ ಗೆದ್ದದ್ದು ಕ್ಲೇಬೊ ಅಲ್ಲ, ಹರಾಲ್ಡ್ ಓಸ್ಟ್‌ಬರ್ಗ್ ಅಮುಂಡ್ಸೆನ್. ಅವನೂ ನಾರ್ವೆಯವನೇ, ಒಪ್ಪಿದೆ.

ಯಾರು ಗೆದ್ದರು ಅನ್ನುವುದನ್ನು ಬಿಟ್ಟು ಎಲ್ಲಿ ಗೆದ್ದರು ಅಂತ ಒಮ್ಮೆ ನೋಡಿ. ಎಲ್ಲರೂ ಏರಿನಲ್ಲಿ ಗೆಲ್ಲುತ್ತಾರೆ ಅಂತ ನಾನು ಮೊದಲ ವರ್ಷ ಅಂದುಕೊಂಡಿದ್ದೆ. ಸ್ಪ್ಲಿಟ್, ಅಂದರೆ ದಾರಿಯ ನಡುವಿನ ಹೊತ್ತು, ಬರೆದಿಟ್ಟುಕೊಳ್ಳಲು ಶುರು ಮಾಡಿದ ಮೇಲೆ ಬೇರೆಯದೇ ಕಂಡಿತು. ಏರಿನ ನಡುವೆ ಮುಂದಿನ ಹತ್ತು ಜನರ ಹೊತ್ತು ಹೆಚ್ಚು ಕಡಿಮೆ ಒಂದೇ. ಬೇರೆಯಾಗುವುದು ನೆತ್ತಿ ದಾಟುವಾಗ. ಸುಸ್ತಾದವನು ನೆತ್ತಿಗೆ ಬಂದ ಕೂಡಲೇ ಒಂದು ಉಸಿರು ಎಳೆದುಕೊಂಡು ಇಳುಕಲಿಗೆ ಬಿಟ್ಟುಕೊಳ್ಳುತ್ತಾನೆ. ಶಕ್ತಿ ಉಳಿದವನು ಅಲ್ಲೂ ಹತ್ತು ಹೆಜ್ಜೆ ತಳ್ಳುತ್ತಾನೆ. ಆ ವೇಗ ಇಳುಕಲು ಪೂರ್ತಿ ಅವನ ಜೊತೆ ಬರುತ್ತದೆ. ಬಡ್ಡಿ ಸಿಕ್ಕ ಹಾಗೆ. ಕ್ಲೇಬೊ ಕೊನೆಯ ಏರಿನಲ್ಲಿ ಓಡುವುದನ್ನು ಎಲ್ಲರೂ ನೋಡುತ್ತಾರೆ. ಅವನು ನೆತ್ತಿ ದಾಟುವ ರೀತಿ ನೋಡಿ.

ಕೊನೆಗೌಡನಿಗೆ ಇದನ್ನು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮರ ಹತ್ತೋದು ಎಲ್ಲರೂ ಹತ್ತುತ್ತಾರೆ ಅಣ್ಣ. ಹತ್ತಿದ ಮೇಲೆ ಕೈ ನಡುಗಬಾರದು. ಕೆಲಸ ಇರೋದು ಮೇಲೆ" ಅಂದ.

ಮುಂಗಾರುಮೋಡ, ಆಗುಂಬೆ · ಡಿಸೆಂಬರ್ 2024

ಸರಿ. ನೆತ್ತಿ ನೋಡುತ್ತೇನೆ.

ಶರಾವತಿಹಿನ್ನೀರು, ಸಾಗರ · ಜನವರಿ 2025

ಟೂರ್ ಡಿ ಸ್ಕೀ ಮುಗಿಯಿತು. ಯಾರೂ ಬರೆದಿಲ್ಲ, ಅದಕ್ಕೆ ನಾನೇ ಬರೆಯುತ್ತೇನೆ. ನಾನು ಶಾಲೆಯಲ್ಲಿ ಪಾಠ ಮಾಡುವವಳು. ಕ್ರಿಸ್‌ಮಸ್ ರಜೆ, ಹೊಸ ವರ್ಷ ಸೇರಿ ಬರುವುದರಿಂದ ಇದೊಂದನ್ನು ತಪ್ಪದೆ ನೋಡುತ್ತೇನೆ. ಈ ಸಲ ಏಳು ರೇಸ್, ಎರಡೇ ಊರು. ಇಟಲಿಯ ತೊಬ್ಲಾಕ್ ಮತ್ತು ವಾಲ್ ದಿ ಫಿಯೆಮ್ಮೆ. ಎಲ್ಲ ದಿನದ ಹೊತ್ತನ್ನೂ ಕೂಡಿಸಿ ಕೊನೆಗೆ ಒಬ್ಬರು.

ಗಂಡಸರಲ್ಲಿ ಕ್ಲೇಬೊ, ನಾಲ್ಕನೇ ಸಲ. ಹೆಂಗಸರಲ್ಲಿ ನಾರ್ವೆಯ ತೆರೆಸೆ ಯೊಹೌಗ್, ಅವಳಿಗೂ ನಾಲ್ಕನೇದು. 2014, 2016, 2020, ಈಗ 2025. ನಾನು ಬರೆಯಬೇಕು ಅಂತ ಕೂತಿದ್ದೇ ಅವಳ ಬಗ್ಗೆ.

ಯೊಹೌಗ್ ತುಟಿ ಬಿಸಿಲಿಗೆ ಸುಟ್ಟಿದ್ದಕ್ಕೆ ತಂಡದ ಡಾಕ್ಟರ್ ಕೊಟ್ಟ ಮುಲಾಮು ಹಚ್ಚಿದ್ದಳು. ಅದರಲ್ಲಿ ನಿಷೇಧಿತ ಕ್ಲೋಸ್ಟೆಬೋಲ್ ಇತ್ತು. 2016ರಲ್ಲಿ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಳು. 18 ತಿಂಗಳು ನಿಷೇಧ. 2018ರ ಒಲಿಂಪಿಕ್ಸ್ ಹೋಯಿತು. ನಾಲ್ಕು ವರ್ಷ ಕಾದು 2022ರ ಬೀಜಿಂಗ್‌ಗೆ ಬಂದಳು. ಒಬ್ಬಳೇ ಓಡುವ ಮೂರೂ ದೂರದ ರೇಸ್‌ಗಳಲ್ಲಿ ಚಿನ್ನ. ಆಮೇಲೆ ನಿವೃತ್ತಿ. 2023ರಲ್ಲಿ ಮಗಳು ಹುಟ್ಟಿದಳು. ಈಗ ವಾಪಸ್ ಬಂದು ಆಲ್ಪೆ ಚೆರ್ಮಿಸ್ ಹತ್ತಿ ಟೂರ್ ಗೆದ್ದಳು. ನನ್ನ ತರಗತಿಯ ಹೆಣ್ಣುಮಕ್ಕಳಿಗೆ ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು.

ಆಲ್ಪೆ ಚೆರ್ಮಿಸ್ ಗೊತ್ತಿಲ್ಲದವರಿಗೆ: ಅದು ಇಳಿಯುವ ಗುಡ್ಡ. ಆಲ್ಪೈನ್‌ನವರು ಮೇಲಿಂದ ಕೆಳಗೆ ಬರುವ ಜಾಗ. ಟೂರ್‌ನ ಕೊನೆಯ ದಿನ ಇವರು ಅದನ್ನು ಕೆಳಗಿಂದ ಮೇಲೆ ಹತ್ತುತ್ತಾರೆ. ಮೂರು ಕಿ.ಮೀ.ಗಿಂತ ಜಾಸ್ತಿ ಉದ್ದ, 400 ಮೀಟರ್‌ಗಿಂತ ಜಾಸ್ತಿ ಎತ್ತರ. ಕೆಲವು ಕಡೆ ಕಡಿದು 28 ಶೇಕಡಾ. ಸೋಮೇಶ್ವರದಿಂದ ಆಗುಂಬೆ ಘಾಟಿಯ 14 ತಿರುವು ಬಸ್ಸಿನಲ್ಲಿ ಹತ್ತುವಾಗಲೇ ಬಸ್ಸು ಮೊದಲನೇ ಗೇರ್‌ನಲ್ಲಿ ನರಳುತ್ತದೆ. ಇವರಿಗೆ ತಿರುವೂ ಇಲ್ಲ. ನೇರ ಗುಡ್ಡಕ್ಕೆ ಮುಖ ಮಾಡಿ ಹತ್ತಬೇಕು, ಅದೂ ಆರು ರೇಸ್ ಮುಗಿಸಿ.

ಇಲ್ಲಿ ನೆತ್ತಿ ದಾಟುವ ಲೆಕ್ಕ ನಡೆಯುವುದಿಲ್ಲ ನೋಡಿ. ನೆತ್ತಿಯೇ ಗೆಲುವಿನ ಗೆರೆ. ದಾಟಿದವರು ಹಿಮದ ಮೇಲೆ ಬಿದ್ದೇಬಿಡುತ್ತಾರೆ. ಎಲ್ಲರೂ. ಗೆದ್ದವರೂ.

ತುಂಗಾತೀರ, ಶಿವಮೊಗ್ಗ · ಜನವರಿ 2025

ಮೇಡಂ, ಒಂದು ಪ್ರಶ್ನೆ. ಹೆಂಗಸರ ದೂರ ಯಾಕೆ ಕಡಿಮೆ ಇತ್ತು? ಹಳೆಯ ಫಲಿತಾಂಶದಲ್ಲಿ ಗಂಡಸರಿಗೆ 50 ಕಿ.ಮೀ., ಹೆಂಗಸರಿಗೆ 30 ಅಂತ ಇದೆ.

ಶರಾವತಿಹಿನ್ನೀರು, ಸಾಗರ · ಜನವರಿ 2025

ಅವರಿಗೆ ಅಷ್ಟು ದೂರ ಆಗುವುದಿಲ್ಲ ಅಂತ ಹಿಂದಿನವರು ಅಂದುಕೊಂಡಿದ್ದರು, ಅಷ್ಟೇ. ಸ್ವೀಡನ್ನಿನ ವಾಸಲೊಪೆಟ್ 90 ಕಿ.ಮೀ. ರೇಸ್. 1922ರಿಂದ ನಡೆಯುತ್ತಿದೆ. ಈಗ ಸಾವಿರಾರು ಹೆಂಗಸರು ಅದನ್ನು ಮುಗಿಸುತ್ತಾರೆ. 2022-23ರ ಸೀಸನ್ನಿಂದ ವಿಶ್ವಕಪ್‌ನಲ್ಲಿ ಇಬ್ಬರಿಗೂ ದೂರ ಒಂದೇ. ಈ ವರ್ಷ ನಾರ್ವೆಯ ಟ್ರಾಂಡ್‌ಹೈಮ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಹೆಂಗಸರು ಮೊದಲ ಸಲ 50 ಕಿ.ಮೀ. ಓಡುತ್ತಾರೆ. ಆ ದಿನ ನಾನು ಯಾವ ಕೆಲಸವನ್ನೂ ಒಪ್ಪಿಕೊಳ್ಳುವುದಿಲ್ಲ ಅಂತ ಮನೆಯಲ್ಲಿ ಈಗಲೇ ಹೇಳಿಟ್ಟಿದ್ದೇನೆ.

ಬಿಳಿಅಕ್ಕಿ, ಸೊರಬ · ಫೆಬ್ರವರಿ 2025

ಸುಮ್ನೆ ಓದುತ್ತಿದ್ದೆ, ಬರೆದಿರಲಿಲ್ಲ. ನಾನೂ ಇದ್ದೇನೆ. ಟ್ರಾಂಡ್‌ಹೈಮ್ ಶುರುವಾಗುತ್ತಿದೆ. ಅಲ್ಲಿ ಮಳೆಯಂತೆ! ನಮ್ಮ ಆಷಾಢದ ಹಾಗೆ ಎಲ್ಲರೂ ಕೊಡೆ, ರೇನ್‌ಕೋಟ್ ಹಿಡಿದು ನಿಂತಿದ್ದಾರೆ.

ಬಿದನೂರುಕೋಟೆ, ಹೊಸನಗರ · ಮಾರ್ಚ್ 2025

ಮಳೆಯ ಬಗ್ಗೆ ಒಂದು ಮಾತು. ಒದ್ದೆ ಹಿಮ ಸ್ಕೀಯ ತಳಕ್ಕೆ ಹೀರಿಕೊಂಡ ಹಾಗೆ ಅಂಟುತ್ತದೆ. ನೀರು ಹರಿದುಹೋಗಲಿ ಅಂತ ತಳದಲ್ಲಿ ಸಣ್ಣ ಸಣ್ಣ ಗೀರು ಕೊರೆದಿರುತ್ತಾರೆ. ಒದ್ದೆ ದಿನಕ್ಕೆ ದಪ್ಪ ಗೀರು, ಒಣ ಚಳಿಗೆ ತೆಳು ಗೀರು. ಮೊದಲು ಇಂಥ ದಿನಗಳಿಗೆ ಫ್ಲೋರಿನ್ ಇರುವ ಮೇಣ ಇತ್ತು. ಕೆಸುವಿನ ಎಲೆಯ ಮೇಲೆ ನೀರು ನಿಲ್ಲುತ್ತದೆಯೇ? ಹಾಗೆ ಹಿಮದ ನೀರನ್ನು ದೂಡುತ್ತಿತ್ತು. ಆದರೆ ಅದು ಮಣ್ಣು ನೀರಿನಲ್ಲಿ ಕರಗದೆ ಉಳಿಯುವ ವಿಷ. ಹಚ್ಚುವವರ ರಕ್ತಕ್ಕೂ ಸೇರುತ್ತದೆ. 2023-24ರ ಸೀಸನ್ನಿಂದ ಅದನ್ನು ಪೂರ್ತಿ ನಿಷೇಧಿಸಿದರು. ರೇಸಿಗೆ ಮೊದಲು ಸ್ಕೀ ಪರೀಕ್ಷೆ ಮಾಡುತ್ತಾರೆ. ನನಗೆ ಇದು ತುಂಬಾ ಒಳ್ಳೆಯ ಕೆಲಸ ಅನಿಸಿತು. ಆ ಹಿಮ ಕರಗಿ ಹೋಗುವುದು ಯಾರದೋ ಊರಿನ ಹೊಳೆಗೇ ಅಲ್ವಾ?

ತುಂಗಾತೀರ, ಶಿವಮೊಗ್ಗ · ಮಾರ್ಚ್ 2025

ಟ್ರಾಂಡ್‌ಹೈಮ್‌ನಲ್ಲಿ ಕ್ಲೇಬೊ ಆರಕ್ಕೆ ಆರು!! ಸ್ಪ್ರಿಂಟ್, ಸ್ಕಿಯಾಥ್ಲಾನ್ (ಅರ್ಧ ಕ್ಲಾಸಿಕ್, ಅರ್ಧ ಫ್ರೀಸ್ಟೈಲ್), 10 ಕಿ.ಮೀ., ಟೀಮ್ ಸ್ಪ್ರಿಂಟ್, ರಿಲೇ, 50 ಕಿ.ಮೀ. ಇದ್ದದ್ದೇ ಆರು ರೇಸ್, ಆರೂ ಚಿನ್ನ. ಅದೂ ತಾನು ಬೆಳೆದ ಊರಿನಲ್ಲಿ!

ಓಟಕ್ಕೆ ಹೋಲಿಸಿ ಹೇಳುತ್ತೇನೆ. ಸ್ಪ್ರಿಂಟ್ ಅಂದರೆ ಮೂರು ನಿಮಿಷದ ಆಸುಪಾಸಿನ ಕೆಲಸ. ಮೊದಲು ಅರ್ಹತಾ ಸುತ್ತು, ಅದರಲ್ಲಿ 30 ಜನ ಉಳಿಯುತ್ತಾರೆ. ಆಮೇಲೆ ಆರಾರು ಜನರ ಹೀಟ್. ಕ್ವಾರ್ಟರ್, ಸೆಮಿ, ಫೈನಲ್. ಒಂದೇ ದಿನ ನಾಲ್ಕು ಸಲ ಪ್ರಾಣ ಹೋಗುವ ಹಾಗೆ ಓಡಬೇಕು. 50 ಕಿ.ಮೀ. ಅಂದರೆ ಎರಡು ಗಂಟೆಯ ಆಸುಪಾಸಿನ ಮ್ಯಾರಥಾನ್. ನಮ್ಮಲ್ಲಿ 1500 ಓಡುವವನು ಮ್ಯಾರಥಾನ್ ಗೆಲ್ಲುತ್ತೇನೆ ಅಂದರೆ ಕೋಚ್ ಬೈದು ಕಳಿಸುತ್ತಾರೆ. ಇವನು ಎರಡನ್ನೂ ಹತ್ತೇ ದಿನದಲ್ಲಿ ಗೆದ್ದ.

ಅವನ ಕೋಚ್ ಯಾರು ಗೊತ್ತಾ? ಅವನ ಅಜ್ಜ, ಕೋರೆ ಹೊಸ್‌ಫ್ಲೊಟ್. ಹದಿಹರೆಯದಿಂದಲೂ ಅವರೇ.

ಶರಾವತಿಹಿನ್ನೀರು, ಸಾಗರ · ಮಾರ್ಚ್ 2025

ಹೆಂಗಸರ 50 ಕಿ.ಮೀ. ನೋಡಿದೆ. ಸ್ವೀಡನ್ನಿನ ಫ್ರಿಡಾ ಕಾರ್ಲ್‌ಸನ್‌ಗೆ ಚಿನ್ನ. ಮೊದಲ ಸಲ ನಡೆದದ್ದಕ್ಕೆ ಅವಳ ಹೆಸರು ಪಟ್ಟಿಯ ಮೊದಲ ಸಾಲಿನಲ್ಲಿ ಎಂದೆಂದಿಗೂ ಇರುತ್ತದೆ. ನಡುವೆ ನಮ್ಮಲ್ಲಿ ಕರೆಂಟ್ ಹೋಯಿತು, ಫೋನಿನಲ್ಲಿ ಮುಗಿಸಿದೆ. ಕೊನೆಯ ಸುತ್ತಿನಲ್ಲಿ ನನ್ನ ಅತ್ತೆಯೂ ಪಕ್ಕಕ್ಕೆ ಬಂದು ಕೂತರು. "ಪಾಪ, ಎಷ್ಟು ಹೊತ್ತಿಂದ ಓಡ್ತಿದಾವೆ ಮಕ್ಕಳು" ಅಂದರು. ಮುಗಿಯುವವರೆಗೆ ಏಳಲಿಲ್ಲ.

ಮುಂಗಾರುಮೋಡ, ಆಗುಂಬೆ · ಮಾರ್ಚ್ 2025

ಡಿಸೆಂಬರ್‌ನಲ್ಲಿ ನಾನು ಕೇಳಿದ ಪ್ರಶ್ನೆ ನನ್ನಲ್ಲಿ ಇನ್ನೂ ಇದೆ. ಆರಕ್ಕೆ ಆರು ಗೆದ್ದದ್ದು ದೊಡ್ಡದೇ. ಆದರೆ ನನ್ನ ಮನಸ್ಸು ಪಟ್ಟಿಯ ಕೆಳಗೆ ಹೋಯಿತು. ಹಿಮ ಇಲ್ಲದ ದೇಶಗಳಿಂದ ಬಂದವರು ಅಲ್ಲಿರುತ್ತಾರೆ. ಅವರನ್ನು ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆಯಲೇಬೇಕು.

1998, ಜಪಾನಿನ ನಾಗಾನೊ ಒಲಿಂಪಿಕ್ಸ್. 10 ಕಿ.ಮೀ. ಕ್ಲಾಸಿಕ್. ಕೀನ್ಯಾದ ಫಿಲಿಪ್ ಬೋಯಿಟ್ ಅನ್ನುವ ಓಟಗಾರ ಸ್ಕೀ ಕಲಿತು ಎರಡೇ ವರ್ಷಕ್ಕೆ ಅಲ್ಲಿಗೆ ಬಂದಿದ್ದ. ಗೆದ್ದದ್ದು ನಾರ್ವೆಯ ಬ್ಯೋರ್ನ್ ಡೇಲಿ. ಆ ಕಾಲದ ದೊಡ್ಡ ಹೆಸರು, ಒಟ್ಟು ಎಂಟು ಒಲಿಂಪಿಕ್ ಚಿನ್ನ. ಬೋಯಿಟ್ ಮುಗಿಸಿದ್ದು ಎಲ್ಲರಿಗಿಂತ ಕೊನೆಗೆ, 92ನೆಯವನಾಗಿ. ಡೇಲಿಗಿಂತ ಸುಮಾರು 20 ನಿಮಿಷ ಹಿಂದೆ. ಅವನಿಗಾಗಿ ಡೇಲಿ ಗೆಲುವಿನ ಗೆರೆಯ ಹತ್ತಿರ ಕಾದಿದ್ದ. ಬೋಯಿಟ್ ಬಂದ ಕೂಡಲೇ ತಬ್ಬಿಕೊಂಡ. ಮುಂದೆ ಬೋಯಿಟ್ ತನ್ನ ಮಗನಿಗೆ ಡೇಲಿ ಅಂತಲೇ ಹೆಸರಿಟ್ಟ.

2022ರ ಬೀಜಿಂಗ್‌ನಲ್ಲೂ ಹಾಗೇ ನಡೆಯಿತು. 15 ಕಿ.ಮೀ. ಗೆದ್ದ ಫಿನ್‌ಲೆಂಡಿನ ಈವೊ ನಿಸ್ಕನೆನ್, ಕೊನೆಗೆ ಬಂದ ಕೊಲಂಬಿಯಾದ ಕಾರ್ಲೋಸ್ ಕ್ವಿಂಟಾನಾಗಾಗಿ ಕಾದು ನಿಂತು ಅಪ್ಪಿಕೊಂಡ.

ನಾನು ಪ್ರತಿ ದಿನ ಮಳೆ, ಕೆಸರಿನಲ್ಲಿ ಘಾಟಿಯ ದಾರಿಯಲ್ಲಿ ಓಡಾಡುವವನು. ಹಿಂದೆ ಉಳಿದವರಿಗಾಗಿ ಮೇಲೆ ನಿಂತು ಕಾಯುವುದು ಏನು ಅಂತ ಗೊತ್ತು. ಮೈ ಬೆವತಿರುತ್ತದೆ, ಗಾಳಿ ಬೀಸಿದರೆ ನಡುಕ ಬರುತ್ತದೆ. ಆ ಚಳಿಯಲ್ಲಿ ತೆಳು ಬಟ್ಟೆಯಲ್ಲಿ ಕಾದು ನಿಲ್ಲುವುದು ಸುಲಭ ಅಲ್ಲ. ಇನ್ನು ಮುಂದೆ ನಾನು ಕೊನೆಯವರು ಬರುವವರೆಗೆ ಪುಟ ಮುಚ್ಚುವುದಿಲ್ಲ.

ತೋಟದಮನೆ, ತೀರ್ಥಹಳ್ಳಿ · ಮಾರ್ಚ್ 2025

ಇದನ್ನು ಮೂರು ಸಲ ಓದಿದೆ. ನೀವು ಬಂದದ್ದು ಒಳ್ಳೆಯದಾಯಿತು.

ಲಾಹ್ತಿಯೂ ಮುಗಿಯಿತು. ಒಟ್ಟಾರೆ ಕಪ್ ಕ್ಲೇಬೊಗೆ, ಐದನೇ ಸಲ. ಹೆಂಗಸರಲ್ಲಿ ಅಮೆರಿಕದ ಜೆಸ್ಸಿ ಡಿಗ್ಗಿನ್ಸ್‌ಗೆ, ಮೂರನೇ ಸಲ. ಕೆನ್ನೆಗೆ ಮಿನುಗು ಪುಡಿ ಹಚ್ಚಿಕೊಂಡು ಓಡುತ್ತಾಳಲ್ಲ, ಅವಳು. ಬಿಲ್ ಕೋಕ್ ನಂತರ ಈ ಕಪ್ ಅಮೆರಿಕಕ್ಕೆ ಹೋದದ್ದು ಇವಳಿಂದಲೇ, 2021ರಲ್ಲಿ.

ನನ್ನ ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಇಬ್ಬರ ಅಂಕವನ್ನೂ ನವೆಂಬರ್‌ನಿಂದ ಬರೆದಿದ್ದೇನೆ. ಗೆದ್ದವರಿಗೆ 100, ಎರಡನೆಯವರಿಗೆ 95, ಮೂರನೆಯವರಿಗೆ 90. ವ್ಯತ್ಯಾಸ ತುಂಬಾ ಸಣ್ಣದು. ಹಾಗಾಗಿ ನಾಲ್ಕು ರೇಸ್ ಗೆದ್ದು ನಾಲ್ಕು ರೇಸ್‌ಗೆ ಬಾರದವರಿಗಿಂತ, ಎಲ್ಲ ವಾರವೂ ಬಂದು ಐದರೊಳಗೆ ಇರುವವರೇ ಮುಂದೆ ಹೋಗುತ್ತಾರೆ. ಡಿಗ್ಗಿನ್ಸ್ ಬಲ ಅದು. ಸ್ಪ್ರಿಂಟೂ ಓಡುತ್ತಾಳೆ, ಉದ್ದದ್ದೂ ಓಡುತ್ತಾಳೆ. ಅವಳು ಏರುವಾಗ ಚೆಂದ ಇಲ್ಲ, ಮೈಯೆಲ್ಲ ಅಲ್ಲಾಡುತ್ತದೆ. ನೆತ್ತಿ ದಾಟುವುದು ಮಾತ್ರ ನೋಡಬೇಕು. ಇಳುಕಲಿನಲ್ಲಿ ಅವಳಷ್ಟು ಧೈರ್ಯವಾಗಿ ಹೋಗುವವರು ಕಡಿಮೆ.

ಕೊನೆಯ ಅಂಕ ಬರೆದ ದಿನವೇ ನಮ್ಮ ಕೊನೆಯ ಒಲೆಯ ಅಡಿಕೆಯೂ ಅಂಗಳಕ್ಕೆ ಬಂತು. ಮಳೆಗಾಲ ಕಳೆದು ಸಿಗೋಣ.

ತುಂಗಾತೀರ, ಶಿವಮೊಗ್ಗ · ಸೆಪ್ಟೆಂಬರ್ 2025

ಸೀಸನ್ ಇನ್ನೂ ದೂರ ಇದೆ ಅಂತ ಗೊತ್ತು. ಆದರೂ ಇದನ್ನು ಹಾಕಲೇಬೇಕು. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಚಿಲಿ ದೇಶದ ಫಿಸ್ ರೇಸ್‌ನಲ್ಲಿ, 5 ಕಿ.ಮೀ.ನಲ್ಲಿ ಕಂಚು ಗೆದ್ದಿದ್ದಾರೆ! ಕ್ರಾಸ್ ಕಂಟ್ರಿಯಲ್ಲಿ ಅಂತಾರಾಷ್ಟ್ರೀಯ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ. ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರೂ ಇವರೇ. ಸೆಪ್ಟೆಂಬರ್‌ನಲ್ಲಿ ಹಿಮ ಎಲ್ಲಿಂದ ಅಂತ ಅಮ್ಮ ಕೇಳಿದರು. ಚಿಲಿ ಭೂಮಿಯ ತೆಂಕಣ ಪಾಲಿನಲ್ಲಿದೆ, ಅಲ್ಲಿ ಈಗ ಚಳಿಗಾಲದ ಕೊನೆ.

ಕೊಡಗು! ಕಾಫಿ ತೋಟ, ಗುಡ್ಡ, ಜಿಗಣೆ. ನಮ್ಮ ಥರದ್ದೇ ನೆಲ. ನಿನ್ನೆಯಿಂದ ನನಗೆ ನಿದ್ದೆ ಇಲ್ಲ. ನಾನು ರೋಲರ್ ಸ್ಕೀ, ಅಂದರೆ ರಸ್ತೆಯ ಮೇಲೆ ಓಡುವ ಚಕ್ರದ ಸ್ಕೀ, ಕಲಿಯಬೇಕು. ಬಿದನೂರು ಅಣ್ಣ, ಎಲ್ಲಿಂದ ಶುರು ಮಾಡಲಿ? ಆಗುಂಬೆ ಘಾಟಿ ಹತ್ತುವ ಆಸೆ ಇದೆ.

ಬಿದನೂರುಕೋಟೆ, ಹೊಸನಗರ · ಸೆಪ್ಟೆಂಬರ್ 2025

ಸುದ್ದಿ ಓದಿ ಮನೆಯವರಿಗೆಲ್ಲ ಕೂಗಿ ಹೇಳಿದೆ.

ತಮ್ಮಾ, ಘಾಟಿ ಬೇಡ. ಇದನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ. ಸಾಮಾನ್ಯ ರೋಲರ್ ಸ್ಕೀಗೆ ಬ್ರೇಕ್ ಇರುವುದಿಲ್ಲ. ಹತ್ತಿದ ಮೇಲೆ ಇಳಿಯುವುದು ಹೇಗೆ? ಅಲ್ಲಿ ವಾಹನ ಜಾಸ್ತಿ, ರಸ್ತೆ ಒದ್ದೆ, ತಿರುವಿನಲ್ಲಿ ಎದುರಿನವರಿಗೆ ನೀನು ಕಾಣುವುದಿಲ್ಲ. ನಾರ್ವೆಯವರು ಬೇಸಿಗೆ ಪೂರ್ತಿ ಇದರ ಮೇಲೇ ಓಡುತ್ತಾರೆ. ಹೆಲ್ಮೆಟ್ ಇಲ್ಲದೆ ಯಾರೂ ರಸ್ತೆಗೆ ಬರುವುದಿಲ್ಲ.

ಮೊದಲು ಸಮತಟ್ಟು ಜಾಗ ಹುಡುಕು. ಬೆಳಗ್ಗೆ ಖಾಲಿ ಇರುವ ಮೈದಾನದ ಸುತ್ತಿನ ರಸ್ತೆ ಆದರೂ ಸಾಕು. ಕ್ಲಾಸಿಕ್ ಜೋಡಿ ತೆಗೆದುಕೋ. ಅದರ ಒಂದು ಚಕ್ರ ಹಿಂದಕ್ಕೆ ತಿರುಗುವುದಿಲ್ಲ, ಹಾಗಾಗಿ ಒದೆಯಲು ಹಿಡಿತ ಸಿಗುತ್ತದೆ. ಕೋಲಿನ ತುದಿಗೆ ಗಟ್ಟಿ ಲೋಹದ ಮೊಳೆ ಇರಬೇಕು, ಟಾರಿನ ಮೇಲೆ ಅದು ಬೇಗ ಮೊಂಡಾಗುತ್ತದೆ, ಆಗಾಗ ಮಸೆಯಬೇಕು. ಮೊದಲ ತಿಂಗಳು ಬರೀ ಒಂದು ಕಾಲಿನ ಮೇಲೆ ನಿಂತು ಜಾರುವುದನ್ನು ಕಲಿ. ಅದು ಬಂದರೆ ಅರ್ಧ ಬಂದ ಹಾಗೆ. ಮಳೆ ಪೂರ್ತಿ ಬಿಡಲಿ. ನವೆಂಬರ್‌ನಲ್ಲಿ ನಾನೇ ಶಿವಮೊಗ್ಗಕ್ಕೆ ಬರುತ್ತೇನೆ, ನನ್ನ ಹಳೆಯ ಜೋಡಿ ಅಟ್ಟದ ಮೇಲಿದೆ.

ತುಂಗಾತೀರ, ಶಿವಮೊಗ್ಗ · ಸೆಪ್ಟೆಂಬರ್ 2025

ಆಯ್ತು ಅಣ್ಣ. ಘಾಟಿ ಇಲ್ಲ. ಕಾಯುತ್ತೇನೆ.

ತೋಟದಮನೆ, ತೀರ್ಥಹಳ್ಳಿ · ನವೆಂಬರ್ 2025

ಮತ್ತೆ ರುಕಾ ಬಂತು. ಹೊಸ ಚರ್ಚೆ ಶುರು ಮಾಡಬೇಡಿ, ಇಲ್ಲೇ ಮುಂದುವರಿಸೋಣ. ಹಳೆಯ ಮಾತು ಮೇಲೇ ಇದ್ದರೆ ಹೊಸಬರಿಗೂ ಅನುಕೂಲ.

ಈ ಸಲ ಫೆಬ್ರವರಿಯಲ್ಲಿ ಒಲಿಂಪಿಕ್ಸ್. ಕ್ರಾಸ್ ಕಂಟ್ರಿ ನಡೆಯುವುದು ವಾಲ್ ದಿ ಫಿಯೆಮ್ಮೆಯ ತೆಸೆರೊದಲ್ಲಿ. ಸಾಗರದ ಮೇಡಂ ಬರೆದ ಆಲ್ಪೆ ಚೆರ್ಮಿಸ್ ಇರುವ ಕಣಿವೆಯೇ. ಒಲಿಂಪಿಕ್ಸ್‌ನಲ್ಲೂ ಮೊದಲ ಸಲ ಹೆಂಗಸರಿಗೆ 50 ಕಿ.ಮೀ. ಡಿಗ್ಗಿನ್ಸ್ ಇದೇ ತನ್ನ ಕೊನೆಯ ಸೀಸನ್ ಅಂದಿದ್ದಾಳೆ. ಅವಳ ಪುಟಕ್ಕೆ ಪುಸ್ತಕದಲ್ಲಿ ಜಾಸ್ತಿ ಜಾಗ ಬಿಟ್ಟಿದ್ದೇನೆ.

ರುಕಾದ ದಿನ ನಮ್ಮಲ್ಲಿ ಮೇಲಿನ ತೋಟದ ಕೊಯ್ಲು. ಕೊನೆಗೌಡ ಎರಡು ಗಂಟೆಗೆ ಊಟಕ್ಕೆ ಇಳಿಯುತ್ತಾನೆ. ಈ ಸಲ ಅವನೇ ಕೇಳಿದ, "ಆ ಹಿಮದವರು ಯಾವಾಗ ಶುರು ಅಣ್ಣ?" ಅಂತ. ಮುಂಗಾರುಮೋಡದವರು ಬರೆದ ಕೀನ್ಯಾದವನ ಕಥೆ ಓದಿ ಹೇಳಿದ್ದೆ. ಅದನ್ನು ಮರೆತಿಲ್ಲ ಅವನು. ಹಲಸಿನ ಮರದ ಕೆಳಗೆ ಇಬ್ಬರಿಗೂ ಚಾಪೆ ಹಾಕುತ್ತೇನೆ. ಮೊದಲ ಸ್ಪ್ಲಿಟ್ ಬಂದ ಕೂಡಲೇ ಇಲ್ಲಿ ಹಾಕುತ್ತೇನೆ. ಕೊನೆಯವರು ಬರುವವರೆಗೆ ನೋಡಿಕೊಳ್ಳುವುದು ಆಗುಂಬೆಯವರ ಪಾಲು.

ಮುಂಗಾರುಮೋಡ, ಆಗುಂಬೆ · ನವೆಂಬರ್ 2025

ಸರಿ. ಕೊನೆಯವರ ಹೆಸರು, ಹೊತ್ತು ನಾನು ಹಾಕುತ್ತೇನೆ. ತುಂಗಾತೀರ, ನೀನು ಬೆಳಗ್ಗೆ ಅಭ್ಯಾಸ ಮುಗಿಸಿ ಬಾ. ರೋಲರ್ ಸ್ಕೀಯಲ್ಲಿ ಬಿದ್ದದ್ದು ಎಷ್ಟು ಸಲ, ನಿಂತದ್ದು ಎಷ್ಟು ಹೊತ್ತು, ಎರಡನ್ನೂ ಬರೆ.